ಮೊದಲು ತಾರೀಖು ನೋಡು

2023ರ ಜೂನ್. ಊರಿಗೆ ಹೋಗಿ ತಿಂಗಳಿದ್ದು ಪೀತಮ್‌ಪುರಕ್ಕೆ ವಾಪಸ್ ಬಂದ ಮಾರನೆಯ ಬೆಳಗ್ಗೆ ಅಮ್ಮ ತನ್ನ ಕಂಪ್ಯೂಟರಿನ ಮುಂದೆ ಕೂತು ನನ್ನನ್ನು ಕರೆದಳು. ಯಾವ ಪುಟ ತೆರೆದರೂ ಒಂದೇ ಎಚ್ಚರಿಕೆ. ಪ್ರಜಾವಾಣಿ ಬರುತ್ತಿಲ್ಲ, ಜಿಮೇಲ್ ಬರುತ್ತಿಲ್ಲ, ಯೂಟ್ಯೂಬ್ ಬರುತ್ತಿಲ್ಲ. ಆಫೀಸಿಗೆ ಹೊರಟಿದ್ದವನು ಬ್ಯಾಗು ಹೆಗಲಿಗೇರಿಸಿಕೊಂಡೇ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟೆ: "ಅಮ್ಮಾ, ಅದರ ಕಾಲ ಮುಗೀತು. ವಿಂಡೋಸ್ 7 ಈಗ ಯಾರೂ ಇಟ್ಟುಕೊಂಡಿಲ್ಲ. ಹೊಸದು ತಗೊಳ್ಳೋಣ."

ಅಮ್ಮ ನನ್ನ ಕಡೆ ತಿರುಗಲಿಲ್ಲ. ಕನ್ನಡಕ ಏರಿಸಿಕೊಂಡು ಪರದೆಯನ್ನು ಒಂದೊಂದೇ ಸಾಲು ಓದಿದಳು. "ಇಲ್ಲೇ ಬರೆದಿದೆಯಲ್ಲೋ ಮಾರಾಯ. ಗಡಿಯಾರ ಹಿಂದಿದೆ ಅಂತ. ಮೊದಲು ತಾರೀಖು ನೋಡು."

ಪರದೆಯ ಮೂಲೆಯಲ್ಲಿ 2011ರ ಜನವರಿ 1 ಇತ್ತು.

ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವಳು ಅಮ್ಮ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಅಂತ ಮಲೆನಾಡು ಸುತ್ತಿದವಳು. ಅಂಚೆ ಕಚೇರಿಯಲ್ಲಿ ಬೆಳಗ್ಗೆ ಬೀಗ ತೆಗೆದ ಮೇಲಿನ ಮೊದಲ ಕೆಲಸ ಠಸ್ಸೆಯ ತಾರೀಖು ಬದಲಿಸುವುದು. ಬದಲಿಸಿ, ಪುಸ್ತಕದಲ್ಲಿ ಒಂದು ಮುದ್ರೆ ಒತ್ತಿ, ಸರಿಯಾಗಿ ಬಿದ್ದಿದೆಯಾ ನೋಡಿ, ಆಮೇಲೆ ಕೌಂಟರು. ತಾರೀಖು ತಪ್ಪಿದ ಕಾಗದ ಕೋರ್ಟಿಗೆ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಚಿಕ್ಕವನಿದ್ದಾಗಿಂದ ಊಟದ ಜೊತೆ ಕೇಳಿದ್ದೇನೆ.

ಕಂಪ್ಯೂಟರಿನ ವಿಷಯವೂ ಅದೇ. ಪ್ರತಿ ಸುರಕ್ಷಿತ ಜಾಲತಾಣವೂ ತನ್ನ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದಿರುತ್ತದೆ. ಬ್ರೌಸರು ಅದನ್ನು ಕಂಪ್ಯೂಟರಿನ ಗಡಿಯಾರಕ್ಕೆ ತಾಳೆ ಹಾಕುತ್ತದೆ. 2011ರಲ್ಲಿ ಕೂತಿರುವ ಯಂತ್ರಕ್ಕೆ 2023ರಲ್ಲಿ ಕೊಟ್ಟ ಪತ್ರ ತೋರಿಸಿದರೆ ಅದು ನಂಬುವುದಾದರೂ ಹೇಗೆ? ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್ 2032 ಅಂತ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದು. ಒಂದು ತಿಂಗಳು ಪ್ಲಗ್ ಕಿತ್ತಿಟ್ಟು ಊರಿಗೆ ಹೋಗಿದ್ದೆವು, ಅದು ಸತ್ತಿತ್ತು. ಅಮ್ಮ ತಾರೀಖು ಸರಿ ಮಾಡಿದಳು, ಪ್ರಜಾವಾಣಿ ಬಂತು. "ಸಂಜೆ ಸೆಲ್ ತರ್ತೀನಿ" ಎಂದು ನಾನು ಮೆಟ್ರೋ ಹಿಡಿದೆ.

ಸೆಲ್ ತರಲಿಲ್ಲ. ಅದರ ಬೆಲೆ ಐವತ್ತು ರೂಪಾಯಿಯೂ ಇರಲಿಲ್ಲ.

*

ಆ ಕಂಪ್ಯೂಟರು ಅಮ್ಮ 2012ರಲ್ಲಿ ನಿವೃತ್ತಿಯ ದುಡ್ಡಿನಲ್ಲಿ ಶಿವಮೊಗ್ಗದಲ್ಲಿ ಜೋಡಿಸಿಕೊಂಡಿದ್ದು. ಇಂಟೆಲ್ ಐ3, ಎರಡನೇ ತಲೆಮಾರಿನದು. 2 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಪ್ಪ ಹೋದ ಮೇಲೆ, 2019ರಲ್ಲಿ, ನಮ್ಮ ಜೊತೆ ಇರಲು ದೆಹಲಿಗೆ ಬಂದಾಗ ಅಮ್ಮ ಅದನ್ನು ಕಂಬಳಿಯಲ್ಲಿ ಸುತ್ತಿ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಕೆಳಗಿನ ಬರ್ತಿನಡಿ ಇಟ್ಟುಕೊಂಡು ತಂದಳು. ಎರಡು ರಾತ್ರಿ ಅದರ ಮೇಲೆ ಒಂದು ಕಣ್ಣಿಟ್ಟೇ ಮಲಗಿದ್ದಳಂತೆ.

ಫೋನ್ ಇದೆಯಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಪೊರೆ ತೆಗೆಸಿದ ಕಣ್ಣಿಗೆ ಫೋನಿನ ಅಕ್ಷರ ಸಾಲದು. ಅದಕ್ಕಿಂತ ಹೆಚ್ಚಾಗಿ, ಅಮ್ಮ ಬೆರಳಲ್ಲಿ ತಿಕ್ಕುವವಳಲ್ಲ, ಹತ್ತೂ ಬೆರಳಲ್ಲಿ ಟೈಪ್ ಮಾಡುವವಳು. ಕೌಂಟರಿಗೆ ಕಂಪ್ಯೂಟರು ಬಂದಾಗ ಮೈಸೂರಿನ ಅಂಚೆ ತರಬೇತಿ ಕೇಂದ್ರದಲ್ಲಿ ಬರೆದ ಮೇಘದೂತ ತಂತ್ರಾಂಶದ ಮೇಲೆ ಕೈ ಪಳಗಿಸಿಕೊಂಡಳು. ನಿವೃತ್ತಿಯಾದ ಮೇಲೆ ನುಡಿಯಲ್ಲಿ ತನ್ನ ಅಂಚೆ ಕಚೇರಿಯ ದಿನಗಳನ್ನು ಬರೆಯತೊಡಗಿದಳು. ಮಳೆಗಾಲದಲ್ಲಿ ಟಪಾಲು ಚೀಲ ಹೊಳೆ ದಾಟುತ್ತಿದ್ದುದು, ಮನಿಯಾರ್ಡರ್ ಬಂದ ದಿನ ಮಾತ್ರ ನಗುತ್ತಿದ್ದ ಒಬ್ಬ ಮುದುಕಿ, ಟೆಲಿಗ್ರಾಂ ಒಡೆಯುವ ಮೊದಲೇ ಅಳುತ್ತಿದ್ದ ಮನೆಗಳು. ದೆಹಲಿಗೆ ಬರುವ ಹೊತ್ತಿಗೆ ನೂರು ಪುಟ ದಾಟಿತ್ತು.

ಪೀತಮ್‌ಪುರ ಅಮ್ಮನಿಗೆ ಕೆಟ್ಟ ಊರಲ್ಲ. ಪಾರ್ಕಿನಲ್ಲಿ ಪಂಜಾಬಿ ಅಜ್ಜಿಯಂದಿರ ಜೊತೆ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಮೊಣಕಾಲು ನೋವಿನ ಚರ್ಚೆ ನಡೆಯುತ್ತದೆ. ಆದರೆ ಕನ್ನಡ ಕೇಳಬೇಕೆಂದರೆ ಆರ್.ಕೆ. ಪುರದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಬೇಕು, ಅದು ಊರಿನ ಇನ್ನೊಂದು ತುದಿ. ವರ್ಷಕ್ಕೆ ಎರಡು ಸಲ ಕರೆದುಕೊಂಡು ಹೋಗಿದ್ದರೆ ಹೆಚ್ಚು. ಮನೆಯಲ್ಲಿ ನಾನು ಸಂಜೆ ಎಂಟಕ್ಕೆ ಬರುತ್ತೇನೆ, ಮಗಳು ಅಜ್ಜಿಯ ಜೊತೆ ಹಿಂದಿ ಬೆರೆತ ಕನ್ನಡ ಆಡುತ್ತಾಳೆ. ಉಳಿದ ಕನ್ನಡವೆಲ್ಲ ಆ ಹದಿನೆಂಟೂವರೆ ಇಂಚಿನ ಪರದೆಯಿಂದಲೇ ಬರಬೇಕು.

*

ಯಂತ್ರ ನಿಧಾನವಾಗಿತ್ತು, ಸುಳ್ಳಲ್ಲ. ಬೆಳಗ್ಗೆ ಸ್ವಿಚ್ ಒತ್ತಿ ಅಮ್ಮ ಕಾಫಿಗೆ ಇಡುತ್ತಿದ್ದಳು. ಡಿಕಾಕ್ಷನ್ ಇಳಿದು, ಹಾಲು ಉಕ್ಕಿ, ಲೋಟ ಹಿಡಿದು ಬಂದು ಕೂರುವ ಹೊತ್ತಿಗೆ ಡೆಸ್ಕ್‌ಟಾಪ್ ಮೂಡಿರುತ್ತಿತ್ತು. ಪತ್ರಿಕೆಯ ಪುಟ ತೆರೆಯುವುದರೊಳಗೆ ಲೋಟ ಖಾಲಿ.

ನಾನು ಬಹಳ ದಿನ ತಿಳಿದಿದ್ದು ವಯಸ್ಸಾದ ಯಂತ್ರ ನಿಧಾನವಾಗುತ್ತದೆ ಅಂತ. ಸಾಫ್ಟ್‌ವೇರಿನಲ್ಲೇ ಅನ್ನ ತಿನ್ನುವ ನಾನು ಹಾಗೆ ತಿಳಿದಿದ್ದು ನಾಚಿಕೆಯ ವಿಷಯ. ಆ ಐ3 ಚಿಪ್ಪು 2012ರಲ್ಲಿ ಕ್ಷಣಕ್ಕೆ ಎಷ್ಟು ಲೆಕ್ಕ ಮಾಡುತ್ತಿತ್ತೋ ಈಗಲೂ ಅಷ್ಟೇ ಮಾಡುತ್ತದೆ. ಅದರ ಮುಂದೆ ಬರುವ ಪುಟಗಳು ದಪ್ಪವಾಗಿವೆ. ನಾಲ್ಕು ಪ್ಯಾರಾ ಸುದ್ದಿಯ ಬೆನ್ನಿಗೆ ತಾನಾಗಿ ಓಡುವ ವಿಡಿಯೊ, ಹತ್ತಾರು ಜಾಹೀರಾತು, ನೀವು ಎಲ್ಲಿ ಕ್ಲಿಕ್ಕಿಸಿದಿರೆಂದು ಬರೆದುಕೊಳ್ಳುವ ಗುಮಾಸ್ತರ ದಂಡು.

ಹಾಗಾದರೆ ಹಳೆಯ ಬ್ರೌಸರನ್ನೇ ಇಟ್ಟುಕೊಂಡರಾಯಿತಲ್ಲ? ಇಲ್ಲೇ ಇರುವುದು ಸಿಕ್ಕು. ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ಕ್ರೋಮ್ ಇನ್ನೂ ಮೂರು ವರ್ಷ ಜೊತೆಗಿತ್ತು. 2023ರ ಫೆಬ್ರವರಿಯಲ್ಲಿ ಬಂದ 110ನೇ ಆವೃತ್ತಿಗೆ ವಿಂಡೋಸ್ 10 ಬೇಕಾಯಿತು, ಅಮ್ಮನದು 109ಕ್ಕೆ ನಿಂತಿತು. ಪುಟಗಳು ಆಮೇಲೂ ತೆರೆಯುತ್ತವೆ, ಹಾಗಾಗಿ ಏನೂ ಆಗಿಲ್ಲ ಅನಿಸುತ್ತದೆ. ಆದರೆ ಹೊಸ ಆವೃತ್ತಿ ಎಂದರೆ ಹೊಸ ಬಣ್ಣ ಮಾತ್ರವಲ್ಲ. ಕಳ್ಳರು ಕಂಡುಕೊಂಡ ಕಿಂಡಿಗಳನ್ನು ಮುಚ್ಚುವ ಕೆಲಸ ಅದರಲ್ಲಿ ಬಹಳ ಇರುತ್ತದೆ. ಮುಚ್ಚಿದ ಕೂಡಲೇ ಕಿಂಡಿ ಎಲ್ಲಿತ್ತೆಂದು ಲೋಕಕ್ಕೆಲ್ಲ ಗೊತ್ತಾಗುತ್ತದೆ, ಮುಚ್ಚಿಸಿಕೊಳ್ಳದವರ ಮನೆಯಲ್ಲಿ ಅದು ಹಾಗೇ ಉಳಿದಿರುತ್ತದೆ. ಅಮ್ಮ ಪಿಂಚಣಿಯ ಖಾತೆ ನೋಡುತ್ತಿದ್ದುದು ಅದೇ ಬ್ರೌಸರಿನಲ್ಲಿ.

ಇನ್ನೂ ತಮಾಷೆಯೆಂದರೆ ಆ ರಕ್ಷಣೆಗೂ ತೂಕವಿದೆ. 2018ರಲ್ಲಿ ಸ್ಪೆಕ್ಟರ್ ಎಂಬ ದೋಷ ಪ್ರೊಸೆಸರುಗಳಲ್ಲೇ ಇದೆಯೆಂದು ಬಯಲಾದ ಮೇಲೆ ಕ್ರೋಮ್ ಬೇರೆಬೇರೆ ತಾಣಗಳನ್ನು ಬೇರೆಬೇರೆ ಕೋಣೆಯಲ್ಲಿ ಕೂಡಿಹಾಕತೊಡಗಿತು. ಅದರಿಂದ ಮೆಮೊರಿಯ ಖರ್ಚು ಶೇಕಡ 10ರಿಂದ 13ರಷ್ಟು ಏರುತ್ತದೆಂದು ಗೂಗಲ್ ತಾನೇ ಹೇಳಿತ್ತು. ಅಂದರೆ ಹೊಸ ಬ್ರೌಸರು ಹಾಕಿದರೆ ಹಳೆಯ ಯಂತ್ರ ಏದುಸಿರು ಬಿಡುತ್ತದೆ, ಹಾಕದಿದ್ದರೆ ಬಾಗಿಲಿಗೆ ಚಿಲಕವಿಲ್ಲ. ನಾವು ಎರಡನ್ನೂ ಕೇಳುತ್ತಿದ್ದೆವು.

ನಾನು ಮಾಡಿದ್ದು ಅರ್ಧ ಕೆಲಸ. ಜುಲೈಯಲ್ಲಿ ಫೈರ್‌ಫಾಕ್ಸ್ 115 ಬಂತು. ವಿಂಡೋಸ್ 7ರಲ್ಲಿ ಉಳಿದವರಿಗಾಗಿ ಮೊಜಿಲ್ಲಾ ಅದರ ದೀರ್ಘಾವಧಿ ಆವೃತ್ತಿಗೆ ರಕ್ಷಣೆಯ ತೇಪೆಗಳನ್ನು ಕೊಡುತ್ತಾ, ಗಡುವನ್ನು ಮುಂದೂಡುತ್ತಾ ಹೋಯಿತು. ಅದನ್ನು ಹಾಕಿಕೊಟ್ಟು ಕೈ ತೊಳೆದುಕೊಂಡೆ. ಯಂತ್ರ ಹಾಗೇ ತೆವಳುತ್ತಿತ್ತು.

*

2024ರ ದೀಪಾವಳಿಗೆ ಮುಂಚೆ, ಇಡೀ ದೆಹಲಿ ಮನೆ ಗುಡಿಸುವ ವಾರ. ಬಾಲ್ಕನಿಯಿಂದ ಕಬಾಡಿಯವನನ್ನು ಕೂಗಿ ಕರೆದದ್ದು ನಾನೇ. ಹಳೆಯ ಕೂಲರು, ಪೇಪರಿನ ಕಟ್ಟು ತೂಗಿದ ಮೇಲೆ ಅವನ ಕಣ್ಣು ಅಮ್ಮನ ಕೋಣೆಯ ಕಡೆ ಹೋಯಿತು. "ಯೇ ಡಬ್ಬಾ ಭೀ ದೇನಾ ಹೈ?" ನಾನು ಇಲ್ಲ ಎನ್ನಬೇಕಿತ್ತು. "ಎಷ್ಟು ಕೊಡ್ತೀಯ?" ಎಂದೆ. ಮುನ್ನೂರು ಎಂದ.

ಅಮ್ಮ ಅಷ್ಟು ಹಿಂದಿ ಕಲಿತಿದ್ದಳು. ಅವನು ಹೋದ ಮೇಲೆ ಬಂದು ನಿಂತಳು.

"ನನ್ನನ್ನ ಒಂದು ಮಾತು ಕೇಳಲಿಲ್ಲ ನೀನು."

"ಸುಮ್ನೆ ರೇಟ್ ಕೇಳಿದೆ ಅಮ್ಮಾ. ಅದೂ ನಡೀತಿಲ್ಲವಲ್ಲ..."

"ನಡೀತಿದೆ. ದಿನಾ ಬೆಳಗ್ಗೆ ತಾರೀಖು ಹಾಕಿ ನಡೆಸ್ಕೊಂಡು ಬಂದಿದೀನಿ."

ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ ಆರಿಸುವುದು ಅಮ್ಮನ ಅಭ್ಯಾಸ. ಸ್ವಿಚ್ ಆರಿತು ಎಂದರೆ ಗಡಿಯಾರ 2011ಕ್ಕೆ ಓಡುತ್ತದೆ. ಹದಿನಾರು ತಿಂಗಳು ಪ್ರತಿ ಬೆಳಗ್ಗೆ ಅಮ್ಮ ಎದ್ದು, ಗೋಡೆಯ ಕ್ಯಾಲೆಂಡರು ನೋಡಿ, ಠಸ್ಸೆಗೆ ಹಾಕುತ್ತಿದ್ದ ಹಾಗೆ ದಿನ, ತಿಂಗಳು, ವರ್ಷ ಹಾಕಿ, ಆಮೇಲೆ ಕೌಂಟರು ತೆರೆಯುತ್ತಿದ್ದಳು. ಇನ್ನೊಂದು ಸಲ ಸೆಲ್ ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ ಎಂದು ನಾನೂ ಕೇಳಲಿಲ್ಲ. ಉತ್ತರ ಗೊತ್ತಿತ್ತು. ಮಗನ ಮನೆಯಲ್ಲಿರುವ ತಾಯಂದಿರು ಏನನ್ನು ಎರಡನೇ ಸಲ ಕೇಳುವುದಿಲ್ಲ ಎಂಬ ಪಟ್ಟಿ ನಿಮ್ಮ ಮನೆಯಲ್ಲೂ ಇದ್ದೀತು.

ಶನಿವಾರ ನೆಹರು ಪ್ಲೇಸಿಗೆ ಹೋದೆ. ಪೀತಮ್‌ಪುರದಿಂದ ರೆಡ್ ಲೈನಿನಲ್ಲಿ ಕಶ್ಮೀರಿ ಗೇಟ್, ಅಲ್ಲಿ ಇಳಿದು ವಯೊಲೆಟ್ ಲೈನ್. ಇಳಿಯದೆ ಅದೇ ಗಾಡಿಯಲ್ಲಿ ಕೂತಿದ್ದರೆ ಯಮುನೆ ದಾಟಿ ಎರಡನೇ ನಿಲ್ದಾಣ ಸೀಲಂಪುರ. ದೇಶದ ಸತ್ತ ಕಂಪ್ಯೂಟರುಗಳು ಬಂದು ಬೀಳುವ ಜಾಗ ಅದು. ಬೋರ್ಡುಗಳನ್ನು ಕಳಚಿ, ತಂತಿ ಸುಟ್ಟು ತಾಮ್ರ ತೆಗೆಯುವ ಕೆಲಸ ಸಣ್ಣ ಗಲ್ಲಿಗಳಲ್ಲಿ ಬರಿಗೈಯಲ್ಲಿ ನಡೆಯುತ್ತದೆ. ನಮ್ಮ ಕಬಾಡಿಯವನ ಗಾಡಿಯಿಂದ ಡಬ್ಬಗಳು ಕೈ ಬದಲಿಸುತ್ತಾ ಕೊನೆಗೆ ಸೇರುವುದು ಹೆಚ್ಚಾಗಿ ಅಂಥಲ್ಲಿಗೇ. ಕಶ್ಮೀರಿ ಗೇಟಿನಲ್ಲಿ ಇಳಿಯುವಾಗ ಆ ಮುನ್ನೂರು ರೂಪಾಯಿ ನೆನಪಾಯಿತು.

ನೆಹರು ಪ್ಲೇಸಿನ ಅಂಗಡಿಯವನು ಯಂತ್ರದ ವಿವರ ಕೇಳಿ ನಕ್ಕ. "ಸರ್‌ಜೀ, ಇಸ್ ಮೇಂ ಪೈಸಾ ಮತ್ ಲಗಾಓ." ಕಂಪನಿಗಳಿಂದ ಬಂದ ಬಳಸಿದ ಪುಟ್ಟ ಡೆಸ್ಕ್‌ಟಾಪ್ ತೋರಿಸಿದ, ಎಂಟನೇ ತಲೆಮಾರಿನ ಐ5. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅವನ ಸಲಹೆ ಕೆಟ್ಟದ್ದಲ್ಲ. ವಿಂಡೋಸೇ ಬೇಕು ಎನ್ನುವವರಿಗೆ ನಾನೂ ಅದನ್ನೇ ಹೇಳುತ್ತೇನೆ, ಏಕೆಂದರೆ ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಿಂದಿನದನ್ನು ಹೆಚ್ಚುಕಡಿಮೆ ಒಪ್ಪುವುದೇ ಇಲ್ಲ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ ಬಂದ ನಿಯಮದ ಹಾಗೆ: ಎಂಜಿನ್ ಹೇಗಿದೆ ಅಂತ ಆಗ ಯಾರೂ ಕೇಳುತ್ತಿರಲಿಲ್ಲ, ಹುಟ್ಟಿದ ವರ್ಷ ಕೇಳುತ್ತಿದ್ದರು. ಆದರೆ ಆ ದಿನ ನಾನು ಹೋಗಿದ್ದು ಕಂಪ್ಯೂಟರು ಕೊಳ್ಳಲು ಅಲ್ಲ.

ಬಳಸಿದ ಡಿಡಿಆರ್3 ರ್ಯಾಮ್, 4 ಜಿಬಿಯ ಎರಡು. 240 ಜಿಬಿಯ ಒಂದು ಎಸ್‌ಎಸ್‌ಡಿ. ಪ್ರೊಸೆಸರಿಗೆ ಹಚ್ಚುವ ಪೇಸ್ಟ್. ಮತ್ತು ಸಿಆರ್ 2032. ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು.

ಸಿಪಿಯು ಬಿಚ್ಚಿದಾಗ ಫ್ಯಾನಿನ ಕೆಳಗೆ ಕಂಬಳಿಯಂಥ ಧೂಳಿನ ಪದರ. ಅಡಿಯಲ್ಲಿ ಊರಿನ ಕೆಂಪು ಇತ್ತೋ ಏನೋ, ಮೇಲಿದ್ದುದು ದೆಹಲಿಯ ಬೂದು. ಗಾಳಿಯಾಡದೆ ಪ್ರೊಸೆಸರು ಕಾದರೆ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಮೇ ತಿಂಗಳ ಮಧ್ಯಾಹ್ನ ಅದು ಇನ್ನೂ ತೆವಳುತ್ತಿದ್ದುದಕ್ಕೆ ಇದೂ ಒಂದು ಕಾರಣ. ಒಂದು ಬಣ್ಣದ ಬ್ರಷ್, ಹೊಸ ಪೇಸ್ಟ್, ಅರ್ಧ ಗಂಟೆ. ವೇಗ ಹೆಚ್ಚಿಸುತ್ತೇವೆಂದು ಮಾರುವ 'ಕ್ಲೀನರ್' ತಂತ್ರಾಂಶಗಳಿಗಿಂತ ಈ ಬ್ರಷ್ ಮೇಲು. ಅವುಗಳ ಮೇಲೆ ನನಗೆ ಕಾಸಿನ ನಂಬಿಕೆಯಿಲ್ಲ.

ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಿರುಗುವ ತಟ್ಟೆಯ ಮೇಲೆ ಸೂಜಿ ಓಡಾಡಿ ಹುಡುಕುವುದು ಹಾರ್ಡ್ ಡಿಸ್ಕ್. ರ್ಯಾಮ್ ತುಂಬಿದಾಗಲೆಲ್ಲ ಬ್ರೌಸರು ಆ ತಟ್ಟೆಯ ಮೇಲೆ ಬರೆದು ಓದಿ ಸಾಯುತ್ತಿತ್ತು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಹಳೆಯ ಬೋರ್ಡಿನ ಕೊಳವೆ ಸಣ್ಣದಾದ್ದರಿಂದ ಅದರ ಪೂರ್ತಿ ವೇಗ ಸಿಗದು, ಆದರೂ ಸಿಕ್ಕಿದ್ದೇ ಬೇರೆ ಜನ್ಮದಂತಿತ್ತು.

ಅದರ ಮೇಲೆ ಲಿನಕ್ಸ್ ಮಿಂಟ್ 22 ಹಾಕಿದೆ, ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ರೂಪ. ಹೊಸ ಫೈರ್‌ಫಾಕ್ಸ್ ಅದರಲ್ಲೇ ಬರುತ್ತದೆ, ಬಿಡುಗಡೆಯಾದಂತೆಲ್ಲ ಹೊಸದಾಗುತ್ತಾ ಹೋಗುತ್ತದೆ. ಜಾಹೀರಾತು ತಡೆಯಲು ಯುಬ್ಲಾಕ್ ಆರಿಜಿನ್. ಯೂಟ್ಯೂಬ್ ಈಗ ಕಳಿಸುವ ವಿಪಿ9, ಎವಿ1 ನಮೂನೆಗಳು ಈ ಚಿಪ್ಪಿನ ಗ್ರಾಫಿಕ್ಸ್‌ಗೆ ತಿಳಿಯುವುದಿಲ್ಲ, ಪ್ರೊಸೆಸರೇ ಕೂತು ಬಿಡಿಸಬೇಕು. ಅದಕ್ಕೆ ತಿಳಿದ ಎಚ್.264ನಲ್ಲೇ ಕಳಿಸು ಎಂದು ಕೇಳುವ ಪುಟ್ಟ ಸೇರ್ಪಡೆಯೊಂದಿದೆ, ಅದನ್ನೂ ಹಾಕಿದೆ. ಯಕ್ಷಗಾನ ತಡೆಯಿಲ್ಲದೆ ಓಡಿತು. ಸ್ವಿಚ್ ಒತ್ತಿದ ಅರ್ಧ ನಿಮಿಷದಲ್ಲಿ ಎಲ್ಲ ಸಿದ್ಧ.

ನಾನು ಬೀಗುತ್ತಾ ಅಮ್ಮನನ್ನು ಕೂರಿಸಿದೆ. ಅಮ್ಮ ಮೊದಲು ತೆರೆದದ್ದು ಬ್ರೌಸರನ್ನಲ್ಲ, ತನ್ನ ಬರಹವನ್ನು.

ಪರದೆಯ ತುಂಬ ಕಸ. ಮೊದಲ ಸಾಲಿನಲ್ಲೇ ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ನಡುವೆ ಬ್ರಿಟಿಷ್ ಪೌಂಡಿನ ಗುರುತು. ನೂರೈವತ್ತು ಪುಟ ಹಾಗೇ. ಅಮ್ಮ ಮೌಸನ್ನು ಕೆಳಗೆ ಉರುಳಿಸುತ್ತಾ ಹೋದಳು, ಎಲ್ಲಾದರೂ ಒಂದು ಕನ್ನಡ ಅಕ್ಷರ ಸಿಕ್ಕೀತೇನೋ ಎನ್ನುವ ಹಾಗೆ. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ನನಗೆ ಬೈದಿದ್ದರೆ ಸುಲಭವಿತ್ತು.

ಬರಹ ಹೋಗಿರಲಿಲ್ಲ. ನುಡಿಯ ಹಳೆಯ ಕಡತಗಳಲ್ಲಿ ಕನ್ನಡ ಕನ್ನಡವಾಗಿ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇದ್ದರೆ ಪೌಂಡಿನ ಗುರುತು ನಕಾರವಾಗಿ ಕಾಣುತ್ತದೆ, ಇಲ್ಲದಿದ್ದರೆ ಪೌಂಡೇ. ನನ್ನ ಪುಣ್ಯಕ್ಕೆ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸಿರಲಿಲ್ಲ. ಜಾಣತನವಲ್ಲ, ಸೋಮಾರಿತನ. ಅದರಿಂದ ಫಾಂಟಿನ ಕಡತ ಹುಡುಕಿ ಹೊಸದಕ್ಕೆ ಹಾಕಿದಾಗ ಮೊದಲ ಸಾಲು ಮೂಡಿತು: 'ಕನ್ನಡ ಶಾಲೆಯ ಎದುರಿನ ಅಂಚೆ ಕಚೇರಿ.' ಅಡುಗೆಮನೆಗೆ ಹೋಗಿ ಕರೆದೆ. ಬರಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

ಮುಂದಿನ ಕೆಲಸಕ್ಕೆ ಚಳಿಗಾಲವೇ ಹಿಡಿಯಿತು. ಆ ಕಡತದ ಪ್ರತಿ ಮಾಡಿ, ಪರಿವರ್ತಕದಲ್ಲಿ ಹಾಕಿ, ಯೂನಿಕೋಡಿಗೆ ತಂದೆ. ಪರಿವರ್ತಕ ಎಲ್ಲವನ್ನೂ ಸರಿಯಾಗಿ ತರುವುದಿಲ್ಲ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ಒತ್ತಕ್ಷರಗಳು ಪಕ್ಕದ ಅಕ್ಷರಕ್ಕೆ ಜೋತುಬಿದ್ದಿದ್ದವು. ಅಮ್ಮ ದಿನಕ್ಕೆ ಎರಡು ಪುಟದಂತೆ ತಿದ್ದಿದಳು. ಟೈಪ್ ಮಾಡಲು ಐಬಸ್‌ನಲ್ಲಿ ಅವಳ ಕೈಗೆ ಒಗ್ಗಿದ ಕೆಜಿಪಿ ಕೀಲಿಮಣೆಯೇ ಇತ್ತು, ಅದೊಂದು ಸಮಾಧಾನ. ಮೆನುಗಳನ್ನೂ ಕನ್ನಡಕ್ಕೆ ಬದಲಿಸಿಕೊಡಲಾ ಎಂದೆ. "ಬೇಡಪ್ಪ, ಫೈಲ್ ಎಡಿಟ್ ಅಂತಲೇ ಇರಲಿ, ಕಡತ ಗಿಡತ ಅಂದ್ರೆ ನನಗೆ ಹೆಡ್ ಆಫೀಸ್ ನೆನಪಾಗ್ತದೆ" ಎಂದಳು. ಈಗ ಆ ಬರಹ ಮಗಳ ಫೋನಿನಲ್ಲೂ ತೆರೆಯುತ್ತದೆ. ಕನ್ನಡ ಓದಲು ಅವಳಿಗೆ ನಿಧಾನ. ಒಂದು ಪುಟಕ್ಕೆ ಒಂದು ಸಂಜೆ.

*

ಎಲ್ಲವೂ ಸರಿಯಿದೆಯೆಂದು ಹೇಳಲಾರೆ. ವಿಡಿಯೊ ಕಾಲ್‌ನಲ್ಲಿ ನಾಲ್ಕೈದು ಮುಖ ಸೇರಿದರೆ ಫ್ಯಾನ್ ಕಿರುಚುತ್ತದೆ. ಒಟ್ಟಿಗೆ ಹೆಚ್ಚು ಪುಟ ತೆರೆದರೂ ಹಾಗೇ. ಆದರೆ ಅಮ್ಮ ಒಂದು ಸಲಕ್ಕೆ ತೆರೆಯುವುದು ಒಂದೇ ಪುಟ. ಕೌಂಟರಿನಲ್ಲಿ ಒಬ್ಬರ ಕೆಲಸ ಮುಗಿಸಿಯೇ ಇನ್ನೊಬ್ಬರನ್ನು ಕರೆಯುವುದು. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ನಲವತ್ತು ಪುಟ ತೆರೆದಿಟ್ಟು ನಿಧಾನ ಎಂದು ನಾನು ಗೊಣಗುತ್ತಿರುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಮನೆಯಲ್ಲಿ ಬಳಸುವವರು ಹೆಸರು ನೋಂದಾಯಿಸಿಕೊಂಡರೆ ರಕ್ಷಣೆಯ ತೇಪೆಗಳು ಇನ್ನೊಂದು ವರ್ಷ ಸಿಗುವ ಏರ್ಪಾಡಿದೆ, ಅಷ್ಟೆ. ನಿಮ್ಮಲ್ಲಿ ಹಲವರ ಕಾಲೇಜಿನ ಲ್ಯಾಪ್‌ಟಾಪು, ಊರಲ್ಲಿ ಅಪ್ಪ ಅಮ್ಮನ ಕೈಗೆ ಕೊಟ್ಟು ಬಂದದ್ದು, ಈಗ ಅದೇ ಸಾಲಿನಲ್ಲಿದೆ. ಅದರಲ್ಲಿ ನುಡಿಯ, ಬರಹದ ಕಡತಗಳಿದ್ದರೆ ಯಾರೂ ಏನೂ ಅಳಿಸುವ ಮೊದಲು ಫಾಂಟುಗಳ ಸಮೇತ ಪ್ರತಿ ಮಾಡಿಕೊಳ್ಳಿ.

ಮಿಂಟ್ 22ಕ್ಕೆ 2029ರ ಏಪ್ರಿಲ್‌ವರೆಗೆ ಬೆಂಬಲವಿದೆ ಎಂದು ಅಮ್ಮನಿಗೆ ಹೇಳಿದೆ. ಬೆರಳು ಮಡಚಿ ಎಣಿಸಿದಳು. "ಅಲ್ಲಿಗೆ ನನಗೆ ಎಪ್ಪತ್ತೇಳು. ಸಾಕು ಬಿಡು." ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅಷ್ಟರಲ್ಲಿ ಇನ್ನೊಂದು ದೂರು ಬಂತು: ಸ್ವಿಚ್ ಒತ್ತಿದರೆ ಈಗ ಕಾಫಿಗೆ ಇಡಲೂ ಪುರುಸೊತ್ತು ಕೊಡುವುದಿಲ್ಲವಂತೆ ಇದು.

ಮೊನ್ನೆ ನೆಹರು ಪ್ಲೇಸಿಗೆ ಹೋಗುತ್ತೇನೆ, ಏನಾದರೂ ಬೇಕಾ ಎಂದೆ.

"ಆ ಸೆಲ್ ಇನ್ನೊಂದು ತಂದಿಡು."

"ಈಗ ಹಾಕಿದ್ದು ಇನ್ನೂ ಹೊಸದು ಅಮ್ಮಾ, ವರ್ಷಗಟ್ಟಲೆ ಬರ್ತದೆ."

"ಬರಲಿ. ಡ್ರಾಯರಿನಲ್ಲಿರಲಿ. ನಿನ್ನ ಸಂಜೆ ಹದಿನಾರು ತಿಂಗಳಿಗೆ ಆಗೋದು."